ಕೆರ್ಮಾನಿನಿಂದ ಶುರು ಮಾಡಿ

ನಮಸ್ಕಾರ,

ಕೇಂಬ್ರಿಡ್ಜಿನ ಪರ್ಷಿಯನ್ ವಿದ್ವಾಂಸ ಎಡ್ವರ್ಡ್ ಗ್ರ್ಯಾನ್‌ವಿಲ್ ಬ್ರೌನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ಬರೀ ಡಿಗ್ರಿ, ಹುದ್ದೆ, ಪುಸ್ತಕಗಳ ಪಟ್ಟಿ. 1862ರಲ್ಲಿ ಹುಟ್ಟಿದರು, 1902ರಲ್ಲಿ ಅರೇಬಿಕ್ ಪ್ರೊಫೆಸರ್ ಆದರು, 1926ರಲ್ಲಿ ತೀರಿಕೊಂಡರು. ಎಲ್ಲ ಸರಿಯೇ. ಆದರೆ ಈ ಮನುಷ್ಯನಿಗೆ ಆ ಕಡೆಯ ಭಾಷೆಗಳ ಹುಚ್ಚು ಹಿಡಿದದ್ದು ಹೇಗೆ ಅನ್ನುವುದನ್ನು ಮೂರನೇ ಪುಟದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅಪ್ಪನಿಗೆ ಮಗ ಎಂಜಿನಿಯರ್ ಆಗಲಿ ಅಂತ ಆಸೆ. 1877ರಲ್ಲಿ ರಷ್ಯಾ–ತುರ್ಕಿ ಯುದ್ಧ ಶುರುವಾಗುತ್ತದೆ. ಹದಿನೈದರ ಹುಡುಗನಿಗೆ ಸೋಲುವ ತುರ್ಕರ ಮೇಲೆ ಕರುಳು ಚುರ್ ಅನ್ನುತ್ತದೆ. ಅವರ ಸೈನ್ಯ ಸೇರಬೇಕು ಅಂತ ತುರ್ಕಿ ಭಾಷೆ ಕಲಿಯಲು ಕೂರುತ್ತಾನೆ. ಯುದ್ಧ ಮುಗಿಯಿತು, ಕಲಿಕೆ ನಿಲ್ಲಲಿಲ್ಲ. ತುರ್ಕಿಯಿಂದ ಪರ್ಷಿಯನ್‌ಗೆ, ಅರೇಬಿಕ್‌ಗೆ ಹೋದ. ಜೊತೆಗೆ ಡಾಕ್ಟರಿಕೆಯನ್ನೂ ಓದಿದ. ಇದು ಒಂದು ವಾಕ್ಯದ ವಿಷಯವೇ?

ಇನ್ನು ಪರ್ಷಿಯಾದ, ಅಂದರೆ ಇಂದಿನ ಇರಾನಿನ, ಆಗ್ನೇಯ ಭಾಗದ ಊರು ಕೆರ್ಮಾನ್. ಅದನ್ನು ನೀವು ಪೂರ್ತಿ ಬಿಟ್ಟಿದ್ದೀರಿ. 1887–88ರ ಪರ್ಷಿಯಾ ಪ್ರವಾಸದಲ್ಲಿ ಬ್ರೌನ್ ಅಲ್ಲಿ ಕಣ್ಣುನೋವು ತಾಳಲಾರದೆ ಅಫೀಮು ಸೇದಿದರು. ನೋವು ಬಿಟ್ಟಿತು, ಅಫೀಮು ಬಿಡಲಿಲ್ಲ. ವೈದ್ಯ ಪದವಿ ಪಡೆದವರಿಗೇ ಈ ಗತಿ! ಹೊರಡಲು ಪಟ್ಟ ಪಾಡನ್ನು 1893ರ ತಮ್ಮ ಪ್ರವಾಸ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅಲ್ಲಿಂದಲೇ ಲೇಖನ ಶುರು ಮಾಡಿ. ಆ ಊರಿನ ಜನರ ಜೊತೆ ರಾತ್ರಿಯಿಡೀ ಕೂತು ಮಾತಾಡಿದವರು ಅವರು. ಅವರಿಗೆ ಪರ್ಷಿಯನ್ ಬರೀ ಹಸ್ತಪ್ರತಿಯ ಭಾಷೆಯಾಗಿ ಉಳಿಯಲು ಸಾಧ್ಯವೇ ಇರಲಿಲ್ಲ.

ಈ ಎಳೆ ಹಿಡಿದರೆ ಮುಂದಿನದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ. 1907ರಲ್ಲಿ ಬ್ರಿಟನ್ ಮತ್ತು ರಷ್ಯಾ ಪರ್ಷಿಯಾವನ್ನು ಪ್ರಭಾವದ ವಲಯಗಳಾಗಿ ಹಂಚಿಕೊಂಡಾಗ ಬ್ರೌನ್ ತಮ್ಮದೇ ಸರ್ಕಾರದ ವಿರುದ್ಧ ಬರೆದರು. ಪರ್ಷಿಯಾದ ತಬ್ರೀಜ್ ನಗರದಲ್ಲಿ ರಷ್ಯನ್ ಸೇನೆ ಸಂವಿಧಾನವಾದಿಗಳನ್ನು, ಅಂದರೆ ದೊರೆಯ ಅಧಿಕಾರಕ್ಕೆ ಸಂವಿಧಾನದ ಮಿತಿ ಬೇಕು ಅಂದವರನ್ನು, ಗಲ್ಲಿಗೇರಿಸಿದಾಗ, 1912ರಲ್ಲಿ ಆ ಫೋಟೋಗಳನ್ನೇ ಅಚ್ಚು ಹಾಕಿಸಿದರು. ನೀವು ಇದನ್ನು 'ರಾಜಕೀಯ ಆಸಕ್ತಿ' ಅಂತ ಬೇರೆ ತಲೆಬರಹದ ಕೆಳಗೆ ಹಾಕಿದ್ದೀರಿ. ದಯವಿಟ್ಟು ಬೇರೆ ಮಾಡಬೇಡಿ. ನಾಲ್ಕು ಸಂಪುಟಗಳ ಪರ್ಷಿಯನ್ ಸಾಹಿತ್ಯ ಚರಿತ್ರೆ ಬರೆದ ಕೈಯೇ ಇದನ್ನೂ ಬರೆದದ್ದು, ಅಲ್ವಾ?

ಒಂದು ತಪ್ಪು ತಿದ್ದಲೇಬೇಕು. 'ಪರ್ಷಿಯನ್ ಕಾವ್ಯವನ್ನು ಜಗತ್ತಿಗೆ ಪರಿಚಯಿಸಿದವರು ಬ್ರೌನ್' ಅಂತ ಬರೆದಿದ್ದೀರಿ. ಅವರು ಹುಟ್ಟುವ ಎರಡೂವರೆ ಶತಮಾನ ಮೊದಲೇ ನಮ್ಮ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಕವಿ ಜುಹೂರಿ ಪರ್ಷಿಯನ್‌ನಲ್ಲಿ ಬರೆಯುತ್ತಿದ್ದ. ಹೊಗಳುವ ಭರದಲ್ಲಿ ನಮ್ಮ ಮನೆಯ ಕವಿಯನ್ನೇ ಮರೆತರೆ ಹೇಗೆ?

'ಮಹಾನ್', 'ಅಪ್ರತಿಮ' ಬಂದಲ್ಲೆಲ್ಲ ಸುಮ್ನೆ ಹೊಡೆದುಹಾಕಿ. ಟೆಹರಾನಿನ ವಿಶ್ವವಿದ್ಯಾಲಯದ ಹತ್ತಿರದ ಬೀದಿಯೊಂದಕ್ಕೆ ಅವರ ಹೆಸರಿದೆ ಅಂತ ಕೊನೆಯ ಪುಟದ ಮೂಲೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಮಾತ್ರ ಉಳಿಸಿಕೊಳ್ಳಿ. ತಿದ್ದಿದ ಪ್ರತಿಗೆ ಕಾಯುತ್ತಿರುತ್ತೇನೆ.