ಅನ್ನ ಬಿಡುವ ಮೊದಲು ಹೊಟ್ಟೆಯನ್ನು ಮುಟ್ಟಿ ನೋಡಿ

ನೀವು ಇನ್ಸುಲಿನ್ ಶುರುಮಾಡಿ ಎರಡು ವರ್ಷವಾಗಿದೆ; ಬಿಟಿಎಂ ಲೇಔಟಿನ ಪಿಜಿಯಲ್ಲಿ ಅದೇ ಊಟ, ಅದೇ ಡೋಸು, ಆದರೂ ಶುಗರ್ ಒಂದು ದಿನ 60, ಮರುದಿನ 280. ಅನ್ನ ಬಿಟ್ಟು ರಾಗಿಗೆ ಹೋಗಲೇ, ಪಿಜಿಯನ್ನೇ ಬಿಡಲೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಸದ್ಯಕ್ಕೆ ಎರಡೂ ಬೇಡ. ಇವೆರಡನ್ನೂ ಮಾಡಿ, ವಿಜಯನಗರದ ಒಂದು ಕೋಣೆಯಲ್ಲಿ ಒಂದು ವರ್ಷ ನಾನೇ ಮುದ್ದೆ ತೊಳಸಿಕೊಂಡು ಉಂಡು, ಅದೇ 60 ಮತ್ತು 280ರ ನಡುವೆ ಓಲಾಡಿದವನು ನಾನು.

ನನಗೆ ಟೈಪ್ ಒನ್ ಡಯಾಬಿಟಿಸ್ (ಮೈಯಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ) ಇರುವುದು ಗೊತ್ತಾದದ್ದು ದ್ವಿತೀಯ ಪಿಯುಸಿಯಲ್ಲಿ. ಮೊದಲ ಐದಾರು ವರ್ಷ ಲೆಕ್ಕ ತಕ್ಕಮಟ್ಟಿಗೆ ಕೂಡಿ ಬರುತ್ತಿತ್ತು. ದಿನಕ್ಕೆ ಒಟ್ಟು 44 ಯೂನಿಟ್ ಇನ್ಸುಲಿನ್ ಸಾಕಾಗುತ್ತಿತ್ತು. ಆಮೇಲೆ ಊಟವಾಗಿ ಎರಡು ಗಂಟೆಗೆ 310 ಇರುವುದು, ರಾತ್ರಿ ಮೂರಕ್ಕೆ ಬೆವತು ಎದ್ದರೆ 55 ಇರುವುದು ಶುರುವಾಯಿತು. ಡಾಕ್ಟರ ಬಳಿ ಹೋದಾಗಲೆಲ್ಲ ಎರಡೋ ನಾಲ್ಕೋ ಯೂನಿಟ್ ಏರುತ್ತಿತ್ತು. ಒಂಬತ್ತನೆಯ ವರ್ಷಕ್ಕೆ ಅದು 68 ಮುಟ್ಟಿತ್ತು. ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾತ್ರ 7.5ರ ಆಸುಪಾಸಿನಲ್ಲಿದ್ದುದರಿಂದ ಅವರು "ಪರವಾಗಿಲ್ಲ, ಹೀಗೇ ಇರಲಿ" ಎನ್ನುತ್ತಿದ್ದರು. 60 ಮತ್ತು 280ರ ಸರಾಸರಿ 170, ಅದು ಹೆಚ್ಚುಕಡಿಮೆ 7.5ಕ್ಕೇ ಹೊಂದುತ್ತದೆ ಎಂಬುದು ಡಾಕ್ಟರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಗುಟ್ಟು ಬಯಲಾದದ್ದು ಬಸವನಗುಡಿಯ ಒಂದು ಛತ್ರದಲ್ಲಿ, ಚಿಕ್ಕಮ್ಮನ ಮಗಳ ಮದುವೆಯಲ್ಲಿ. ಅಂದು ಪಂಚೆ ಉಟ್ಟಿದ್ದೆ. ಶರ್ಟು, ಶಲ್ಯ ಎಲ್ಲ ಸರಿಸಿ ಹೊಟ್ಟೆಗೆ ಚುಚ್ಚಿಕೊಳ್ಳುವ ಬದಲು, ಕೋಣೆಯ ಬಾಗಿಲು ಹಾಕಿಕೊಂಡು ಪಂಚೆ ಮೇಲೆತ್ತಿ ಎಡತೊಡೆಗೆ 18 ಯೂನಿಟ್ ತೆಗೆದುಕೊಂಡೆ. ಮೊದಲ ಪಂಕ್ತಿಯಲ್ಲೇ ಕುಳಿತು ಚಿತ್ರಾನ್ನ, ಅನ್ನ, ಸಾರು, ಎರಡು ಒಬ್ಬಟ್ಟು, ಪಾಯಸ ಎಲ್ಲವನ್ನೂ ಉಂಡೆ. ಅಷ್ಟು ಉಂಡ ದಿನ 300 ದಾಟುವುದು ನನ್ನ ಅನುಭವ. ಒಂದೂವರೆ ಗಂಟೆಯ ಮೇಲೆ ತಾಂಬೂಲದ ಚೀಲ ಹಿಡಿದು ನಿಂತವನಿಗೆ ಕೈ ನಡುಗಿ ತೆಂಗಿನಕಾಯಿ ಉರುಳಿಹೋಯಿತು. ಮೀಟರಿನಲ್ಲಿ 43. ಬಾಗಿಲಲ್ಲಿ ಪನ್ನೀರಿನ ಪಕ್ಕ ಇಟ್ಟಿದ್ದ ಕಲ್ಲುಸಕ್ಕರೆಯ ತಟ್ಟೆಯನ್ನು ಯಾರೋ ತಂದರು. "ಸಕ್ಕರೆ ಕಾಯಿಲೆ ಇರೋನಿಗೆ ಸಕ್ಕರೆ ತಿನ್ನಿಸ್ತೀರಲ್ಲ!" ಎಂದು ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. (ನಿಮ್ಮ ಪಿಜಿಯಲ್ಲಿ ಜೊತೆಗಿರುವವರಿಗೆ ಇದೊಂದನ್ನು ಇಂದೇ ಹೇಳಿಡಿ: 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕೊಡಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು.)

ಹೊತ್ತಿಗೆ ಸರಿಯಾಗಿ, ಅದೂ ಹೊಟ್ಟೆ ತುಂಬ ಉಂಡಿದ್ದೆ. ಹಾಗಾಗಿ ದೂರಲು ಊಟ ಸಿಗಲಿಲ್ಲ. ಬೇರೆ ಕಡೆ ತೋರಿಸಿದೆ. ಅಲ್ಲಿನ ಸಿಸ್ಟರ್ ನನ್ನ ಶುಗರ್ ಲೆಕ್ಕದ ಪುಸ್ತಕವನ್ನು ತೆರೆಯುವ ಮೊದಲೇ "ಶರ್ಟು ಎತ್ತಿ" ಎಂದರು. ಒಂಬತ್ತು ವರ್ಷಗಳಲ್ಲಿ ಹಾಗೆ ಹೇಳಿದವರು ಅವರೇ ಮೊದಲಿಗರು. ಬೆರಳುಗಳಿಗೆ ಜೆಲ್ ಹಚ್ಚಿ ಹೊಟ್ಟೆಯ ಮೇಲೆ ನಿಧಾನವಾಗಿ ಜಾರಿಸಿ, ಹೊಕ್ಕುಳಿನ ಬಲಕ್ಕೆ ನಿಂಬೆಹಣ್ಣಿನಷ್ಟು, ಎಡಕ್ಕೆ ಅದಕ್ಕಿಂತ ಚಿಕ್ಕದಾದ ಮೆತ್ತನೆಯ ಗಂಟನ್ನು ಹುಡುಕಿ, ಪೆನ್ನಿನಿಂದ ಸುತ್ತು ಗೆರೆ ಎಳೆದರು.

ನಾನು ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮಾಡುವಾಗ ಅದು ತಪ್ಪೆಂದು ತೋರುವುದಿಲ್ಲ. ಜಾಗ ಬದಲಿಸಬೇಕೆಂಬುದು ನನಗೆ ಗೊತ್ತಿತ್ತು; ಬದಲಿಸುತ್ತಿದ್ದೇನೆ ಎಂದೇ ನಂಬಿದ್ದೆ. ಊಟದ ಮೂರು ಇಂಜೆಕ್ಷನ್ ಬಲಕ್ಕೆ, ರಾತ್ರಿಯ ದೀರ್ಘಾವಧಿಯದು ಎಡಕ್ಕೆ. ಬಲ ಒಂದು ಜಾಗ, ಎಡ ಒಂದು ಜಾಗ, ಅಲ್ಲಿಗೆ ಬದಲಾವಣೆ ಮುಗಿಯಿತು! ದಿನಕ್ಕೆ ಮೂರರಂತೆ ಒಂಬತ್ತು ವರ್ಷಕ್ಕೆ ಲೆಕ್ಕ ಹಾಕಿದರೆ, ಬಲಗಡೆಯ ಅಂಗೈಯಗಲಕ್ಕಿಂತ ಕಡಿಮೆ ಜಾಗದಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಚುಚ್ಚು. ಇನ್ಸುಲಿನ್‌ಗೆ ಕೊಬ್ಬನ್ನು ಬೆಳೆಸುವ ಗುಣವಿದೆ; ಪದೇ ಪದೇ ಒಂದೇ ಕಡೆ ಬಿದ್ದರೆ ಅಲ್ಲಿನ ಕೊಬ್ಬು ಉಬ್ಬಿ ಗಂಟಾಗುತ್ತದೆ. ಇದನ್ನು ಲೈಪೋಹೈಪರ್ಟ್ರೋಫಿ ಎನ್ನುತ್ತಾರೆ. ಆ ಗಂಟಿನಲ್ಲಿ ನೋವು ಕಡಿಮೆ, ಆದ್ದರಿಂದ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ, ಗಂಟು ಮತ್ತಷ್ಟು ಬೆಳೆಯುತ್ತದೆ. ಅಲ್ಲಿ ಬಿದ್ದ ಔಷಧಿ ಇಂದು ಅರ್ಧ ಹೀರಿಕೊಂಡರೆ ನಾಳೆ ಪೂರ್ತಿ ಹೀರಿಕೊಳ್ಳಬಹುದು, ಕೆಲವೊಮ್ಮೆ ಬಹಳ ತಡವಾಗಿ ಕೆಲಸ ಮಾಡಬಹುದು. ನಾನು ಅನ್ನವನ್ನು ಅಳೆದೆ, ಯೂನಿಟ್ಟನ್ನು ಅಳೆದೆ. ಮೈಗೆ ಸೇರಿದ್ದೆಷ್ಟು ಎಂಬುದನ್ನು ಅಳೆಯುವ ದಾರಿಯೇ ನನ್ನಲ್ಲಿರಲಿಲ್ಲ. ತೊಡೆಯಲ್ಲಿ ಗಂಟಿರಲಿಲ್ಲವಾದ್ದರಿಂದ ಅಂದು 18 ಯೂನಿಟ್ಟೂ ಕೆಲಸ ಮಾಡಿತು.

ಸೂಜಿಯನ್ನೂ ಉಳಿತಾಯ ಮಾಡುತ್ತಿದ್ದೆ. ನೋವಾಗುವವರೆಗೆ, ಅಂದರೆ ಹತ್ತು ಹನ್ನೆರಡು ದಿನ, ಒಂದೇ ಸೂಜಿ. ಮತ್ತೆ ಮತ್ತೆ ಬಳಸಿದ ಸೂಜಿಗೂ ಈ ಗಂಟುಗಳಿಗೂ ನಂಟಿದೆ ಎಂದು ಸಿಸ್ಟರ್ ಗದರಿದರು.

ಆದ್ದರಿಂದ ಇಂದು ಸ್ನಾನದ ಹೊತ್ತಿಗೆ ಸೋಪಿನ ಕೈಯಿಂದ ಹೊಟ್ಟೆ, ತೊಡೆಗಳನ್ನು ಸವರಿ ನೋಡಿ. ಎರಡು ವರ್ಷಕ್ಕೆಲ್ಲ ಗಂಟಾಗುತ್ತದೆಯೇ ಎಂದು ಕೇಳಬೇಡಿ, ಆಗುತ್ತದೆ. ಕೈಗೆ ಸಿಕ್ಕಿದರೆ ಆ ಜಾಗವನ್ನು ತಿಂಗಳುಗಟ್ಟಲೆ ಬಿಟ್ಟುಬಿಡಿ. ಆದರೆ ಹಳೆಯ ಡೋಸನ್ನೇ ಹೊಸ ಜಾಗಕ್ಕೆ ಚುಚ್ಚಬೇಡಿ, ಛತ್ರದಲ್ಲಿ ನನಗಾದದ್ದು ನಿಮಗೆ ಪಿಜಿಯಲ್ಲಿ ಆಗುತ್ತದೆ. ಡೋಸನ್ನು ಎಷ್ಟು ಇಳಿಸಬೇಕೆಂದು ಡಾಕ್ಟರೇ ಹೇಳಲಿ. ನನಗೆ ಮೊದಲ ದಿನವೇ ಐದನೇ ಒಂದು ಭಾಗದಷ್ಟು ಇಳಿಸಿ, ಎರಡು ವಾರ ದಿನಕ್ಕೆ ಏಳು ಬಾರಿ ಶುಗರ್ ನೋಡಿಸಿದರು. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗ ಬಳಸುತ್ತೇನೆ, ಒಂದು ಚುಚ್ಚಿಗೂ ಇನ್ನೊಂದಕ್ಕೂ ನಡುವೆ ಒಂದು ಬೆರಳಗಲ ಬಿಡುತ್ತೇನೆ. 4 ಮಿಲಿಮೀಟರಿನ ಸೂಜಿ, ಪ್ರತಿ ಬಾರಿಯೂ ಹೊಸದು.

ಗಂಟು ಸಿಗದಿದ್ದರೆ ಇನ್ಸುಲಿನ್ ಪೆನ್ನನ್ನು ಎಲ್ಲಿಡುತ್ತೀರಿ ಎಂದು ನೋಡಿ. ಬೆಂಗಳೂರು ತಂಪೆಂಬ ಭರವಸೆಯಲ್ಲಿ ಏಪ್ರಿಲ್ ಮಧ್ಯಾಹ್ನ ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟರೆ ಔಷಧಿ ಕೆಡುತ್ತದೆ. ಮೈಗೆ ಅಂಟಿಕೊಂಡು ಶುಗರ್ ಅಳೆಯುತ್ತಿರುವ ಸೆನ್ಸರ್ ಹಾಕಿಸಿಕೊಳ್ಳಬಹುದು, ಒಳ್ಳೆಯದೇ. ಆದರೆ ಅದು ಏರಿಳಿತವನ್ನು ತೋರಿಸುತ್ತದೆಯೇ ಹೊರತು ಗಂಟನ್ನು ತೋರಿಸುವುದಿಲ್ಲ, ದುಡ್ಡು ಮಿತವಾಗಿದ್ದರೆ ಮೊದಲು ಸೂಜಿ ಕೊಳ್ಳಿ. ಇನ್ನು ರಾಗಿ: ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಮುದ್ದೆ ಇಷ್ಟವಿದ್ದರೆ ಧಾರಾಳವಾಗಿ ಉಣ್ಣಿ, ಆದರೆ ಅದಕ್ಕೂ ಇನ್ಸುಲಿನ್ ಲೆಕ್ಕ ಹಾಕಲೇಬೇಕು.

ನನ್ನ ಡೋಸು ಈಗ 46ಕ್ಕೆ ಬಂದು ನಿಂತಿದೆ, ಅನ್ನವೂ ತಟ್ಟೆಗೆ ಮರಳಿದೆ. ಎಡಗಡೆಯ ಗಂಟು ಕೆಲವು ತಿಂಗಳಲ್ಲಿ ಕರಗಿತು. ಬಲಗಡೆಯದು ಅಡಿಕೆಯಷ್ಟು ಇನ್ನೂ ಉಳಿದಿದೆ, ನಿದ್ದೆಗಣ್ಣಿನಲ್ಲಿ ಪೆನ್ನು ಹಿಡಿದರೆ ಕೈ ಈಗಲೂ ಮೊದಲು ಅಲ್ಲಿಗೇ ಹೋಗುತ್ತದೆ.