ಭಾನುವಾರವೂ ಬಿಡುವಿಲ್ಲ, ಸಬ್ಬತ್ ಆಚರಿಸೋದು ಹೇಗೆ?

ವಾರವಿಡೀ ಆಫೀಸು, ಭಾನುವಾರ ಚರ್ಚಿನಲ್ಲಿ ಕ್ವಾಯರ್ (ಹಾಡುವ ತಂಡ), ಸಂಡೇ ಸ್ಕೂಲು, ಮೀಟಿಂಗು. ಇದರ ಮಧ್ಯೆ ಸಬ್ಬತ್, ಅಂದರೆ ದೇವರಿಗೆ ಮೀಸಲಾದ ವಾರದ ವಿಶ್ರಾಂತಿ ದಿನ, ಎಲ್ಲಿಂದ ತರೋದು ಅಂತ ಕೇಳಿದ್ದೀರಿ. ಶನಿವಾರದಿಂದ ಶುರು ಮಾಡಿ.

ಬೈಬಲಿನ ವಿಮೋಚನಕಾಂಡ 16ರಲ್ಲಿ ಇಸ್ರಾಯೇಲರು ಏಳನೆಯ ದಿನದ ವಿಶ್ರಾಂತಿಗಾಗಿ ಆರನೆಯ ದಿನವೇ ಎರಡರಷ್ಟು ಮನ್ನ (ಅರಣ್ಯದಲ್ಲಿ ದೇವರು ಕೊಟ್ಟ ಆಹಾರ) ಕೂಡಿಸಿಕೊಳ್ಳುತ್ತಾರೆ. ಅಡುಗೆಯನ್ನೂ ಅಂದೇ ಮುಗಿಸಬೇಕಿತ್ತು. ಅಂದರೆ ವಿಶ್ರಾಂತಿಗೂ ತಯಾರಿ ಬೇಕು. ಹಿಟ್ಟು ರುಬ್ಬೋದು, ಇಸ್ತ್ರಿ, ತರಕಾರಿ ಎಲ್ಲಾ ಶನಿವಾರ ಸಂಜೆಯೊಳಗೆ ಮುಗಿಯಲಿ. ಮನೆಯವರೆಲ್ಲ ಕೈ ಹಾಕಬೇಕು. ಗಂಡ ಸೋಫಾದಲ್ಲಿ, ಹೆಂಡತಿ ಬಿರಿಯಾನಿ ಪಾತ್ರೆ ಮುಂದೆ ಅಂದರೆ ಅದು ಅರ್ಧ ಮನೆಯ ಸಬ್ಬತ್ ಅಷ್ಟೆ, ಅಲ್ವಾ? ವಿಮೋಚನಕಾಂಡ 20ರ ಸಬ್ಬತ್ ಆಜ್ಞೆ ಆಳು, ದನಗಳಿಗೂ ರಜೆ ಕೊಡುತ್ತದೆ!

ಯೆಹೂದ್ಯರು ಸಬ್ಬತ್ತನ್ನು ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸಂಜೆ ಕತ್ತಲಾಗುವವರೆಗೆ ಲೆಕ್ಕ ಹಾಕುತ್ತಾರೆ. ಹಾಗೇ ನೀವೂ ಹಿಂದಿನ ಸಂಜೆಯೇ ಶುರು ಮಾಡಿ: ಶನಿವಾರ ಸಂಜೆ ಫೋನನ್ನು ಬೀರುವಿನಲ್ಲಿಟ್ಟು, ಪ್ರಾರ್ಥನೆ ಮಾಡಿ, ನಿಧಾನವಾಗಿ ಊಟ ಮಾಡಿ, ಬೇಗ ಮಲಗಿ. ಭಾನುವಾರದ ಆರಾಧನೆಗೆ ತೂಕಡಿಕೆ ಇರೋದಿಲ್ಲ. ಚರ್ಚಿನಲ್ಲಿ ಮೂರು ಜವಾಬ್ದಾರಿ ಇದ್ದರೆ ಎರಡನ್ನು ಬಿಡಿ. ಇದು ಕಷ್ಟ, ಪಾಸ್ಟರ್‌ಗೂ ಬೇಜಾರಾಗಬಹುದು.

ನರ್ಸ್, ಪೊಲೀಸ್ ಕೆಲಸದವರು ವಾರದ ರಜೆಯನ್ನೇ ಹೀಗೆ ಕಾಯ್ದುಕೊಳ್ಳಬಹುದು. ಮಾರ್ಕ 2:27ರಲ್ಲಿ ಯೇಸು ಹೇಳೋದು ಇದೇ: ಸಬ್ಬತ್ ಇರೋದು ಮನುಷ್ಯನಿಗಾಗಿ.