ಬೆರಳಿನ ನೋವೂ ಗಿಟಾರಿನ ನಾದವೂ

ಪ್ರಶ್ನೆ: ಪಿಯುಸಿ ಓದುತ್ತಿರುವ ಮಗಳಿಗೆ ಅಕೌಸ್ಟಿಕ್ ಗಿಟಾರ್ ಕೊಡಿಸಬೇಕೆಂದಿದ್ದೇನೆ. ಅಂಗಡಿಯಲ್ಲಿ ನೋಡಿದ ದೊಡ್ಡ ಡ್ರೆಡ್‌ನಾಟ್ ಗಿಟಾರಿನ ನಾದ ತುಂಬಿಕೊಂಡಿದೆ, ಆದರೆ ಬೆರಳು ನೋಯುತ್ತದೆ ಎನ್ನುತ್ತಾಳೆ. ಚಿಕ್ಕ ಗಿಟಾರ್ ಕೈಗೆ ಹಿತವಾಗಿದ್ದರೂ ನಾದ ತೆಳುವೆನಿಸಿತು. ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಬೆರಳು ನೋಯುತ್ತದೆ ಎಂಬ ಒಂದೇ ಕಾರಣಕ್ಕೆ ದೊಡ್ಡದನ್ನು ಬಿಡಬೇಡಿ. ತಂತಿಗಳು ಫ್ರೆಟ್‌ಗಳಿಂದ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಿಂದ) ಹೆಚ್ಚು ಎತ್ತರದಲ್ಲಿದ್ದರೆ ಎಂತಹ ಗಿಟಾರ್ ಆದರೂ ಬೆರಳನ್ನು ಕೊಯ್ಯುತ್ತದೆ. 12ನೇ ಫ್ರೆಟ್‌ನ ಮೇಲೆ ದಪ್ಪ ತಂತಿ ಸುಮಾರು 2.5 ಮಿ.ಮೀ., ಸಣ್ಣ ತಂತಿ ಸುಮಾರು 2 ಮಿ.ಮೀ. ಎತ್ತರದಲ್ಲಿದ್ದರೆ ಕಲಿಯುವವರಿಗೆ ಅನುಕೂಲ. ಅದಕ್ಕಿಂತ ಹೆಚ್ಚಿದ್ದರೆ, ಬ್ರಿಡ್ಜ್‌ನಲ್ಲಿ (ಒಡಲಿನ ಮೇಲೆ ತಂತಿಗಳನ್ನು ಬಿಗಿದಿರುವ ಮರದ ತುಂಡಿನಲ್ಲಿ) ಕೂರಿಸಿರುವ ಸ್ಯಾಡಲ್ ಪಟ್ಟಿಯ ತಳವನ್ನು ಉಜ್ಜಿ ತಗ್ಗಿಸುತ್ತಾರೆ. ಅಲ್ಲಿ 1 ಮಿ.ಮೀ. ತಗ್ಗಿಸಿದರೆ 12ನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಇಳಿಯುತ್ತದೆ. 12ರ ತಂತಿ ಸೆಟ್ಟಿನ ಬದಲು ಅದಕ್ಕಿಂತ ತೆಳುವಾದ 11ರ ಸೆಟ್ ಹಾಕಿಸಿದರೆ ಒತ್ತುವ ಶ್ರಮ ಇನ್ನಷ್ಟು ಕಡಿಮೆಯಾಗುತ್ತದೆ.

ಹೀಗೆ ಸರಿಪಡಿಸಲಾಗದ ಸಂಗತಿಗಳನ್ನೇ ನೀವು ಅಂಗಡಿಯಲ್ಲಿ ಹೋಲಿಸಿ ನೋಡಬೇಕು. ಮಗಳು ಕುಳಿತು ನುಡಿಸುವಾಗ ದೊಡ್ಡ ಒಡಲಿನ ಮೇಲೆ ಬಲಗೈ ಚಾಚಲು ಭುಜ ಮೇಲೇಳುತ್ತಿದೆಯೇ, ಎಫ್ ಕಾರ್ಡ್ (ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಒತ್ತಬೇಕಾದ ಸ್ವರಗುಚ್ಛ) ಹಿಡಿದಾಗ ಎಡಗೈ ಮಣಿಕಟ್ಟು ಹೊರಳುತ್ತಿದೆಯೇ ಎಂದು ಪಕ್ಕದಲ್ಲಿ ನಿಂತು ಗಮನಿಸಿ. ಭುಜ ಎದ್ದರೆ ಆ ಗಾತ್ರ ಆಕೆಗೆ ಹೊಂದುವುದಿಲ್ಲ. ನಾದ ಎಷ್ಟೇ ಚೆನ್ನಾಗಿದ್ದರೂ ಚಿಕ್ಕದನ್ನೇ ಆರಿಸಿ.

ನಾದದ ವಿಚಾರದಲ್ಲಿ ಮುಖ್ಯವಾದುದು ಮುಂಭಾಗದ ಹಲಗೆ. ನಾದರಂಧ್ರದ ಅಂಚನ್ನು ಮೊಬೈಲ್ ಬೆಳಕಿನಲ್ಲಿ ನೋಡಿ: ಮೇಲಿನ ಎಳೆಗಳು ಅಂಚಿನಲ್ಲಿಯೂ ಹಾಗೆಯೇ ಇಳಿದಿದ್ದರೆ ಅದು ಇಡಿ ಮರ, ಅಡ್ಡ ಪದರಗಳು ಕಂಡರೆ ಪ್ಲೈ. ಇಡಿ ಸ್ಪ್ರೂಸ್ ಮರದ ಹಲಗೆಯ ಚಿಕ್ಕ ಗಿಟಾರ್, ಪ್ಲೈ ಹಲಗೆಯ ದೊಡ್ಡದಕ್ಕಿಂತ ಮೇಲೆಂಬುದು ನನ್ನ ದೃಢ ಅಭಿಪ್ರಾಯ. ಹಿಂಬದಿಯ ಮರದ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಅದು ನಮ್ಮ ಮಲೆನಾಡಿನಲ್ಲೂ ಬೆಳೆಯುವ, ಜಗತ್ತಿನ ಗಿಟಾರ್ ತಯಾರಕರು ಮೆಚ್ಚಿದ ಬೀಟೆಯೇ ಆಗಿದ್ದರೂ ಸರಿ. ನಿಮಗೆ ತೆಳುವೆನಿಸಿದ್ದು ತುಕ್ಕು ಹಿಡಿದ ಹಳೆಯ ತಂತಿಗಳಿಂದಲೂ ಇರಬಹುದು. ಎರಡನ್ನೂ ಒಂದೇ ಶ್ರುತಿಗೆ ತಂದು, ಒಂದೇ ಹಾಡನ್ನು ಬೇರೊಬ್ಬರಿಂದ ನುಡಿಸಿ, ಮಗಳನ್ನು ನಾಲ್ಕು ಅಡಿ ಎದುರಿಗೆ ಕೂರಿಸಿ ಕೇಳಿಸಿ.

ಇಡಿ ಮರ ಕೊಂಡರೆ, ಬೆಂಗಳೂರಿನ ಫೆಬ್ರವರಿ–ಮಾರ್ಚ್‌ನ ಒಣ ಹವೆಯಲ್ಲಿ ಅದನ್ನು ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿಡಿ. ತಂತಿಯ ಎತ್ತರವನ್ನು ಹಣ ಕೊಡುವ ಮುನ್ನವೇ ಸರಿಮಾಡಿಸಿ, ಮಗಳು ಮತ್ತೊಮ್ಮೆ ಕಾಲು ಗಂಟೆ ನುಡಿಸಲಿ.